ಜೇಬಿನ ಯಂತ್ರದ ಬೀಗದಕೈ

ಸ್ಮಾರ್ಟ್‌ಫೋನ್ ಎಂಬ ಯಂತ್ರವನ್ನು ಹಣ ಕೊಟ್ಟು ಕೊಂಡವನು ಅದರ ಒಡೆಯನಾದನೆಂದು ಲೋಕವೂ ಕಾನೂನೂ ಭಾವಿಸುವುದು ಸಹಜವೇ ಆದರೂ, ಆ ಯಂತ್ರದೊಳಗೆ ಯಾವ ತಂತ್ರಾಂಶ ನಡೆಯಬೇಕು, ಎಷ್ಟು ಕಾಲ ಅದಕ್ಕೆ ಪೋಷಣೆ ದೊರೆಯಬೇಕು, ಯಾವ ದಿನದಿಂದ ಅದು ದಿಕ್ಕಿಲ್ಲದ್ದಾಗಬೇಕು ಎಂಬ ಮೂರು ನಿರ್ಣಯಗಳೂ ತನ್ನವಲ್ಲವೆಂಬುದು ಅವನ ಅರಿವಿಗೆ ಬರುವುದು ಬಹುಮಟ್ಟಿಗೆ ಕೊಂಡ ಎರಡು ಮೂರು ವರ್ಷಗಳ ತರುವಾಯ. ಆಗ ವಾದ ಮೊದಲಾಗುತ್ತದೆ. ‘ಅಪ್‌ಡೇಟ್ ಹಾಕಲೇಬೇಡ, ಫೋನು ನಿಧಾನವಾಗಿಬಿಡುತ್ತದೆ’ ಎಂದು ಒಬ್ಬರು. ‘ಹಾಕದೆ ಬಿಟ್ಟರೆ ಬ್ಯಾಂಕಿನ ದುಡ್ಡಿಗೇ ಸಂಚಕಾರ’ ಎಂದು ಇನ್ನೊಬ್ಬರು. ‘ಕಂಪನಿಯ ದಾರಿ ಕಾಯುವುದೇಕೆ, ಬೂಟ್‌ಲೋಡರ್ ಅನ್‌ಲಾಕ್ ಮಾಡಿ ಬೇರೆ ರಾಮ್ (ಬದಲಿ ವ್ಯವಸ್ಥೆ) ಹಾಕಿಕೊಂಡರಾಯಿತು’ ಎಂದು ಮತ್ತೊಬ್ಬರು. ಈ ಮೂರು ಮಾತುಗಳಲ್ಲಿಯೂ ಸತ್ಯಾಂಶವಿದೆ. ಯಂತ್ರದ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ನೋಡಿದ ಹೊರತು ಯಾವ ಮಾತಿನ ತೂಕ ಎಷ್ಟೆಂಬುದು ತಿಳಿಯದು.

ಮೊದಲನೆಯವರ ಭೀತಿ ನಿರಾಧಾರವಾದುದೆಂದು ತಳ್ಳಿಹಾಕುವಂತಿಲ್ಲ. 2018ರ ಅಕ್ಟೋಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರವು ಆಪಲ್ ಸಂಸ್ಥೆಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್ ಸಂಸ್ಥೆಗೆ 50 ಲಕ್ಷ ಯೂರೋ ದಂಡ ವಿಧಿಸಿತು. ಹಳೆಯ ಫೋನುಗಳು ಹೊರಲಾರದ ತಂತ್ರಾಂಶವನ್ನು ಹಾಕಿಕೊಳ್ಳುವಂತೆ ಗ್ರಾಹಕರನ್ನು ಪ್ರೇರಿಸಿ, ಪರಿಣಾಮವನ್ನು ಮುಂಚೆ ತಿಳಿಸದೆ, ಹಿಂದಿನ ಸ್ಥಿತಿಗೆ ಮರಳುವ ದಾರಿಯನ್ನೂ ಕೊಡದೆ ಇದ್ದುದು ಅಪರಾಧವೆನಿಸಿತು. ಆಪಲ್ ಪ್ರಸಂಗದ ಹಿಂದಿನ ಭೌತವಿಜ್ಞಾನ ಸರಳವಾದುದು. ಲಿಥಿಯಂ-ಅಯಾನ್ ಬ್ಯಾಟರಿ ಮುದಿಯಾದಂತೆಲ್ಲ ಅದರ ಆಂತರಿಕ ರೋಧ ಹೆಚ್ಚುತ್ತದೆ. ಪ್ರೊಸೆಸರು ಒಮ್ಮೆಗೇ ಹೆಚ್ಚು ವಿದ್ಯುತ್ತನ್ನು ಎಳೆದಾಗ ವೋಲ್ಟೇಜು ಕುಸಿದು ಫೋನು ಥಟ್ಟನೆ ಆರಿಹೋಗುತ್ತದೆ. ಇದನ್ನು ತಪ್ಪಿಸಲು 2017ರ ಆದಿಭಾಗದ ಅಪ್‌ಡೇಟೊಂದು ಹಳೆಯ ಬ್ಯಾಟರಿಯುಳ್ಳ ಐಫೋನುಗಳ ಪ್ರೊಸೆಸರಿನ ವೇಗವನ್ನೇ ತಗ್ಗಿಸಿತು. ಉಪಾಯ ಕೆಟ್ಟದ್ದೇನಲ್ಲ, ಆದರೆ ವಿಷಯ ಒಡೆಯರಿಗೆ ಸ್ಪಷ್ಟವಾಗಿ ತಿಳಿದದ್ದು ಆ ವರ್ಷದ ಡಿಸೆಂಬರಿನಲ್ಲಿ. ಹೊಸ ಬ್ಯಾಟರಿ ಹಾಕಿಸಿದ್ದರೆ ತೀರಬಹುದಾಗಿದ್ದ ತೊಂದರೆಗೆ ಎಷ್ಟೋ ಮಂದಿ ಹೊಸ ಫೋನನ್ನೇ ಕೊಂಡಿದ್ದರು. ಫ್ರಾನ್ಸ್ ದೇಶವು 2020ರಲ್ಲಿ ಇದೇ ಮೌನಕ್ಕಾಗಿ ಎರಡೂವರೆ ಕೋಟಿ ಯೂರೋ ದಂಡ ಹಾಕಿತು.

ಹೀಗಿದ್ದರೂ ಅಪ್‌ಡೇಟನ್ನು ದೂರವಿಡುವುದು ಕ್ಷೇಮವೆಂದು ತಿಳಿಯುವುದು ದೊಡ್ಡ ಪ್ರಮಾದ. 2015ರ ಜುಲೈನಲ್ಲಿ ಜೋಶುವಾ ಡ್ರೇಕ್ ಎಂಬ ಸಂಶೋಧಕರು ಆಂಡ್ರಾಯ್ಡಿನ ಸ್ಟೇಜ್‌ಫ್ರೈಟ್ ಎಂಬ ಭಾಗದಲ್ಲಿ ದೋಷಗಳನ್ನು ಪ್ರಕಟಪಡಿಸಿದರು. ಚಲಚ್ಚಿತ್ರದ ಕಡತವನ್ನು ಓದುವುದು ಆ ಭಾಗದ ಕೆಲಸ. ಕಡತದ ಪ್ರತಿಯೊಂದು ತುಣುಕಿನ ಮೊದಲಿಗೆ ‘ನನ್ನ ಉದ್ದ ಇಷ್ಟು’ ಎಂಬ ಸಂಖ್ಯೆಯಿರುತ್ತದೆ. ಆ ಸಂಖ್ಯೆಯನ್ನು ದುರುದ್ದೇಶದಿಂದ ವಿಪರೀತ ದೊಡ್ಡದಾಗಿಸಿದರೆ, ಲೆಕ್ಕ ಮಾಡುವ ಯಂತ್ರದ ಅಂಕಿಗಳ ಮಿತಿ ಮೀರಿ ಮೊತ್ತವು ಮತ್ತೆ ಸೊನ್ನೆಯ ಬಳಿಗೆ ಸುತ್ತಿ ಬರುತ್ತದೆ. ಪುಟ್ಟ ಜಾಗವನ್ನು ಕಾದಿರಿಸಿ ಅದರೊಳಕ್ಕೆ ಅಪಾರ ದತ್ತಾಂಶವನ್ನು ಸುರಿದಾಗ ಅದು ಪಕ್ಕದ ಸ್ಮೃತಿಯ ಮೇಲೆಲ್ಲ ಹರಡಿ, ಅಲ್ಲಿ ದಾಳಿಕಾರನ ಆಜ್ಞೆಗಳೇ ಕುಳಿತುಕೊಳ್ಳಬಹುದು. ಒಂದು ಎಂಎಂಎಸ್ ಬಂದರೆ ಸಾಕು, ಒಡೆಯನು ಅದನ್ನು ತೆರೆಯಲೇಬೇಕೆಂದಿರಲಿಲ್ಲ. ಮಾರನೆಯ ತಿಂಗಳಿನಿಂದಲೇ ಗೂಗಲ್ ಪ್ರತಿ ತಿಂಗಳೂ ಸುರಕ್ಷತಾ ತಿದ್ದುಪಡಿಗಳನ್ನು ಪ್ರಕಟಿಸುವ ಪರಿಪಾಠಕ್ಕೆ ತೊಡಗಿತು.

ಇಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಸೂಕ್ಷ್ಮವೊಂದುಂಟು. ಆಂಡ್ರಾಯ್ಡಿನ ಮೂಲಪಠ್ಯದ ಬಹುಭಾಗ ಎಲ್ಲರೂ ಓದಬಹುದಾದದ್ದು. ತಿದ್ದುಪಡಿ ಪ್ರಕಟವಾದೊಡನೆ ಹಳೆಯ ಪಾಠವನ್ನೂ ಹೊಸ ಪಾಠವನ್ನೂ ಎದುರುಬದುರಿಟ್ಟು ನೋಡಿದ ಯಾವ ನಿಪುಣನಿಗಾದರೂ ದೋಷ ಎಲ್ಲಿತ್ತೆಂಬುದು ಗೋಚರವಾಗುತ್ತದೆ. ಆದುದರಿಂದ ತಿದ್ದುಪಡಿ ಪಡೆಯದ ಫೋನು, ಆ ತಿದ್ದುಪಡಿ ಹುಟ್ಟುವುದಕ್ಕೆ ಮುಂಚೆ ಇದ್ದುದಕ್ಕಿಂತ ಹೆಚ್ಚಿನ ಅಪಾಯಕ್ಕೆ ಸಿಕ್ಕಿಕೊಳ್ಳುತ್ತದೆ. ಅಪ್‌ಡೇಟ್ ನಿಂತ ಫೋನು ಇದ್ದ ಹಾಗೆಯೇ ಇರುತ್ತದೆಂಬುದು ಭ್ರಮೆ. ತಿಂಗಳು ತಿಂಗಳಿಗೂ ಅದರ ದುರ್ಬಲ ಸ್ಥಾನಗಳ ಪಟ್ಟಿ ಜಗತ್ತಿನ ಕೈಯಲ್ಲಿ ಬೆಳೆಯುತ್ತಿರುತ್ತದೆ.

ಹಾಗಾದರೆ ತಯಾರಕರು ಅಪ್‌ಡೇಟನ್ನು ನಿಲ್ಲಿಸುವುದಾದರೂ ಏಕೆ? ಹೊಸ ಫೋನು ಮಾರುವ ಆಸೆಯೊಂದನ್ನೇ ಕಾರಣವಾಗಿ ಹೇಳುವುದು ಸುಲಭವಾದರೂ ಪೂರ್ಣವಲ್ಲ. ಗೂಗಲ್ ಸಿದ್ಧಪಡಿಸಿದ ಆಂಡ್ರಾಯ್ಡ್ ಮೊದಲು ಕ್ವಾಲ್ಕಾಮ್, ಮೀಡಿಯಾಟೆಕ್ ಮೊದಲಾದ ಚಿಪ್ ತಯಾರಕರನ್ನು ಮುಟ್ಟಿ, ಅವರ ಚಾಲಕ ತಂತ್ರಾಂಶಗಳೊಡನೆ ಹೊಂದಿಕೊಂಡು, ಆಮೇಲೆ ಫೋನಿನ ಕಂಪನಿಗೆ ಬರಬೇಕು. ಆ ಚಾಲಕಗಳಲ್ಲಿ ಹಲವು ಮೂಲಪಠ್ಯವಿಲ್ಲದೆ, ಯಂತ್ರಕ್ಕೆ ಮಾತ್ರ ಅರ್ಥವಾಗುವ ರೂಪದಲ್ಲಿ ದೊರೆಯತಕ್ಕವು. ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನೆಲ್ಲಿನ ಒಂದು ನಿರ್ದಿಷ್ಟ ಆವೃತ್ತಿಗೆ ಕಟ್ಟುಬಿದ್ದವು. ಚಿಪ್ ತಯಾರಕರು ತಮ್ಮ ಪಾಲಿನ ಕೆಲಸವನ್ನು ನಿಲ್ಲಿಸಿದರೆ ಫೋನಿನ ಕಂಪನಿಗೆ ಮನಸ್ಸಿದ್ದರೂ ಕೈ ಸಾಗದು. ಈ ಗಂಟನ್ನು ಸಡಿಲಿಸಲೆಂದೇ 2017ರ ಆಂಡ್ರಾಯ್ಡ್ 8ರಲ್ಲಿ ಪ್ರಾಜೆಕ್ಟ್ ಟ್ರೆಬಲ್ ಎಂಬ ವ್ಯವಸ್ಥೆಯನ್ನು ತಂದು, ಚಿಪ್ಪಿಗೆ ಸಂಬಂಧಿಸಿದ ಭಾಗವನ್ನೂ ಆಂಡ್ರಾಯ್ಡಿನ ಮೇಲ್ಕಟ್ಟಡವನ್ನೂ ಬೇರೆ ಬೇರೆಯಾಗಿರಿಸಿದರು. ಛಲವಿದ್ದರೆ ಎಷ್ಟು ದೂರ ಹೋಗಬಹುದೆಂಬುದನ್ನು ಹಾಲೆಂಡಿನ ಪುಟ್ಟ ಸಂಸ್ಥೆಯಾದ ಫೇರ್‌ಫೋನ್ ತೋರಿಸಿತು. 2015ರ ಕೊನೆಯಲ್ಲಿ ಹೊರಬಂದ ಅದರ ಎರಡನೆಯ ಫೋನಿನಲ್ಲಿದ್ದ ಚಿಪ್ಪಿಗೆ ಕ್ವಾಲ್ಕಾಮಿನ ಬೆಂಬಲ ಆಂಡ್ರಾಯ್ಡ್ 6ಕ್ಕೇ ಮುಗಿದಿದ್ದರೂ, ಸ್ವಯಂಸೇವಕರ ಮುಕ್ತ ತಂತ್ರಾಂಶದ ನೆರವು ಪಡೆದು ಆ ಸಂಸ್ಥೆ ಅದನ್ನು ಆಂಡ್ರಾಯ್ಡ್ 10ರವರೆಗೆ ಮುಟ್ಟಿಸಿ, 2023ರ ಮಾರ್ಚಿನವರೆಗೆ ನಡೆಸಿತು.

ಇನ್ನು ಮೂರನೆಯವರು ತೆಗೆಯಬೇಕೆಂದ ಬೀಗದ ಸಂಗತಿ. ಫೋನಿಗೆ ವಿದ್ಯುತ್ತು ಹರಿದ ಕ್ಷಣದಲ್ಲಿ ಮೊದಲು ಎಚ್ಚರಗೊಳ್ಳುವುದು ಚಿಪ್ಪಿನೊಳಗೆ ಕಾರ್ಖಾನೆಯಲ್ಲಿಯೇ ಕೆತ್ತಿದ, ಮುಂದೆ ಯಾರಿಂದಲೂ ಬದಲಾಯಿಸಲಾಗದ ಒಂದು ಚಿಕ್ಕ ಪ್ರೋಗ್ರಾಮು. ಅದು ವ್ಯವಸ್ಥೆಯನ್ನು ಎಬ್ಬಿಸುವ ಬೂಟ್‌ಲೋಡರನ್ನು ಪರೀಕ್ಷಿಸುತ್ತದೆ. ಬೂಟ್‌ಲೋಡರು ಕರ್ನೆಲ್ಲನ್ನು ಪರೀಕ್ಷಿಸುತ್ತದೆ. ಕರ್ನೆಲ್ಲು ಉಳಿದ ವ್ಯವಸ್ಥೆಯ ಒಂದೊಂದು ಖಂಡವನ್ನೂ ಓದುವಾಗ ಪರೀಕ್ಷಿಸುತ್ತದೆ. ಪ್ರಾಚೀನ ಕನ್ನಡ ಅರಸರ ತಾಮ್ರಶಾಸನಗಳ ಹಲಗೆಗಳನ್ನು ಕೂಡಿಸಿದ ಬಳೆಗೆ ಗಂಗರ ಆನೆಯನ್ನೋ ಚಾಲುಕ್ಯರ ವರಾಹವನ್ನೋ ಒತ್ತಿದ ಮುದ್ರೆಯಿದ್ದು, ಹಲಗೆಯೊಂದನ್ನು ಬದಲಿಸಬೇಕಾದರೆ ಮುದ್ರೆಯನ್ನು ಒಡೆಯಲೇಬೇಕಾಗಿದ್ದಂತೆ, ಇಲ್ಲಿಯೂ ಪ್ರತಿಯೊಂದು ಭಾಗಕ್ಕೆ ಡಿಜಿಟಲ್ ಸಹಿಯೆಂಬ ಗಣಿತದ ಮುದ್ರೆಯುಂಟು. ಮುದ್ರೆಯನ್ನೊತ್ತುವ ಗುಪ್ತ ಕೀಲಿ ತಯಾರಕರ ಬಳಿ ಮಾತ್ರ. ಮುದ್ರೆ ನಿಜವೇ ಎಂದು ನೋಡುವ ಸಾರ್ವಜನಿಕ ಕೀಲಿಯ ಗುರುತು ಫೋನಿನೊಳಗೆ. ತಂತ್ರಾಂಶದ ಒಂದಕ್ಷರ ಬದಲಾದರೂ ಮುದ್ರೆ ಹೊಂದುವುದಿಲ್ಲ.

ಈ ಬೀಗವನ್ನು ತಯಾರಕರ ದುರಾಸೆಯ ಸಂತಾನವೆಂದು ನಿಂದಿಸುವವರನ್ನು ನಾನು ಒಪ್ಪಲಾರೆ. ಕಳೆದುಹೋದ ಫೋನು ಪರರ ಕೈಗೆ ಸಿಕ್ಕಿದಾಗ, ಗುಪ್ತಪದವನ್ನು ಕದ್ದು ಕೇಳುವ ನಕಲಿ ವ್ಯವಸ್ಥೆಯೊಂದನ್ನು ಅದರೊಳಗೆ ತುಂಬಿ ಹಿಂದಿರುಗಿಸುವುದನ್ನು ತಡೆಯುವುದು ಇದೇ ಬೀಗ. ಆಂಡ್ರಾಯ್ಡ್ ಫೋನಿನ ಬೂಟ್‌ಲೋಡರನ್ನು ಅನ್‌ಲಾಕ್ ಮಾಡಿದಾಗ ಒಳಗಿನ ಚಿತ್ರ, ಪತ್ರ, ಲೆಕ್ಕಗಳೆಲ್ಲ ಅಳಿಸಿಹೋಗುವಂತೆ ಮಾಡಿರುವುದೂ ಇದೇ ಕಾರಣಕ್ಕಾಗಿ: ಬೀಗ ತೆಗೆಯುವ ಸ್ವಾತಂತ್ರ್ಯ ಒಡೆಯನಿಗಿರಲಿ, ಆದರೆ ಕಳ್ಳನು ಅದನ್ನೇ ಬಳಸಿ ಒಡೆಯನ ಗುಟ್ಟನ್ನು ಓದದಿರಲಿ ಎಂಬ ವಿವೇಕ ಅದರಲ್ಲಿದೆ. ಎಷ್ಟೋ ಮಂದಿ ಈ ಅಳಿಸುವಿಕೆಯನ್ನು ದಂಡನೆಯೆಂದು ತಿಳಿದು ಕೋಪಗೊಳ್ಳುತ್ತಾರೆ, ಅದು ರಕ್ಷಣೆ.

ಅಪ್‌ಡೇಟಿಗೂ ಬೀಗಕ್ಕೂ ಇರುವ ನಂಟು ಆಂಡ್ರಾಯ್ಡ್ ಹುಟ್ಟಿದಂದಿನದು. ಎಚ್‌ಟಿಸಿ ತಯಾರಿಸಿ 2008ರ ಅಕ್ಟೋಬರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಜಿ1 ಎಂಬ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ವಿಚಿತ್ರ ದೋಷವೊಂದಿತ್ತು. ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳೆಲ್ಲ ತೆರೆಯ ಮರೆಯಲ್ಲಿ ಪರಮಾಧಿಕಾರವುಳ್ಳ ಆಜ್ಞಾಸ್ಥಾನಕ್ಕೂ ಹೋಗಿ ಮುಟ್ಟುತ್ತಿದ್ದುವು; ಗೆಳೆಯನಿಗೆ ಸಂದೇಶ ಬರೆಯುತ್ತ ‘ರೀಬೂಟ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಒಂದು ಸಾಲಾಗಿ ಒತ್ತಿದರೆ ಫೋನು ನಿಜವಾಗಿಯೂ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅದೇ ರಂಧ್ರದಿಂದ ಕುತೂಹಲಿಗಳು ತಮ್ಮ ಫೋನಿನ ಪೂರ್ಣಾಧಿಕಾರವನ್ನು ಪಡೆದರು. ಕೆಲವೇ ವಾರಗಳಲ್ಲಿ ಬಂದ ಅಪ್‌ಡೇಟು ರಂಧ್ರವನ್ನು ಮುಚ್ಚಿತು. ಅಪಾಯವೂ ಹೋಯಿತು, ಅಧಿಕಾರವೂ ಹೋಯಿತು. ದೋಷವನ್ನುಳಿಸಿಕೊಂಡರೆ ಮಾತ್ರ ಒಡೆತನ, ಕ್ಷೇಮ ಬೇಕಾದರೆ ಒಡೆತನವಿಲ್ಲ ಎಂಬ ಈ ಅನಿಷ್ಟ ಆಯ್ಕೆಯನ್ನು ತಪ್ಪಿಸುವುದಕ್ಕೆ ಬೀಗ ತೆಗೆಯಲು ನೇರವಾದ, ಒಪ್ಪಿತವಾದ ದಾರಿಯಿರುವುದೇ ಉಪಾಯ. ಗೂಗಲ್ ಸಂಸ್ಥೆ 2008ರ ಡಿಸೆಂಬರಿನಲ್ಲಿ ಬೀಗವಿಲ್ಲದ ಡೆವ್ ಫೋನನ್ನು ತಂತ್ರಾಂಶ ರಚಿಸುವವರಿಗೆ ಮಾರಿತು; 2010ರ ಜನವರಿಯ ನೆಕ್ಸಸ್ ಒನ್ ಫೋನಿನಲ್ಲಿ, ವಾರಂಟಿ ಹೋಗುವುದೆಂಬ ಎಚ್ಚರಿಕೆಯೊಡನೆ, ಒಂದೇ ಆಜ್ಞೆಯಿಂದ ಯಾರು ಬೇಕಾದರೂ ಬೀಗ ತೆಗೆಯಬಹುದಾಯಿತು. ಈ ನಡುವೆ ಸ್ಟೀವ್ ಕೊಂಡಿಕ್ ಎಂಬವರು ಆರಂಭಿಸಿದ ಸಯನೋಜೆನ್‌ಮಾಡ್ ಎಂಬ ಬದಲಿ ವ್ಯವಸ್ಥೆ, ಕಂಪನಿಗಳು ಕೈಬಿಟ್ಟ ನೂರಾರು ಮಾದರಿಯ ಫೋನುಗಳಿಗೆ ಹೊಸ ಆಂಡ್ರಾಯ್ಡನ್ನು ಮುಟ್ಟಿಸಿತು. 2016ರ ಡಿಸೆಂಬರಿನಲ್ಲಿ ಅದು ನಿಂತಾಗ ಅದರ ಬೀಜದಿಂದ ಮೊಳೆತ ಲೀನಿಯೇಜ್‌ಓಎಸ್ ಇಂದಿಗೂ ಆ ಸೇವೆಯನ್ನು ನಡೆಸುತ್ತಿದೆ.

ಕನ್ನಡಿಗರಿಗೆ ಈ ಚರಿತ್ರೆ ಪರಕೀಯವಲ್ಲ. ಆಂಡ್ರಾಯ್ಡಿನ ಮೊದಲ ವರ್ಷಗಳಲ್ಲಿ ಕನ್ನಡ ಪಠ್ಯವಿದ್ದೆಡೆಯಲ್ಲೆಲ್ಲ ಖಾಲಿ ಚೌಕಗಳು ಕಾಣುತ್ತಿದ್ದುವು. ಫೋನನ್ನು ರೂಟ್ ಮಾಡಿ, ಎಂದರೆ ಅದರ ಪೂರ್ಣಾಧಿಕಾರ ಪಡೆದು, ವ್ಯವಸ್ಥೆಯ ಕಡತಗಳ ನಡುವೆ ಕನ್ನಡ ಫಾಂಟನ್ನು ಸೇರಿಸಿದವರುಂಟು; ಅಕ್ಷರಗಳು ಮೂಡಿದುವು, ಆದರೆ ಒತ್ತಕ್ಷರ ತನ್ನ ಸ್ಥಾನದಲ್ಲಿ ಕೂರಲಿಲ್ಲ, ಗುಣಿತದ ಚಿಹ್ನೆಗಳು ಚೆದರಿದುವು. ಅಕ್ಷರದ ಆಕಾರಗಳು ಫಾಂಟಿನಲ್ಲಿದ್ದರೆ ಸಾಲದು. ‘ಕ್’ ಮತ್ತು ‘ಷ’ ಕೂಡಿದಾಗ ‘ಕ್ಷ’ ಎಂಬ ಒಂದೇ ಆಕೃತಿಯನ್ನು ಆರಿಸುವ ಜೋಡಣಾ ತಂತ್ರಾಂಶವೂ ವ್ಯವಸ್ಥೆಯೊಳಗೆ ಇರಬೇಕು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಆ ಬೆಂಬಲ ಬಂದಿತು. ಆದರೆ ಆ ಆವೃತ್ತಿಯನ್ನು ಕೊಡಲು ಕಂಪನಿ ಒಪ್ಪದ ಫೋನುಳ್ಳವನಿಗೆ ಎರಡೇ ಮಾರ್ಗ: ಹೊಸತನ್ನು ಕೊಳ್ಳುವುದು, ಇಲ್ಲವೇ ಬೀಗ ತೆಗೆದು 4.1ರ ಆಧಾರದ ಮೇಲೆ ಕಟ್ಟಿದ ಸಯನೋಜೆನ್‌ಮಾಡ್ 10 ಹಾಕಿಕೊಳ್ಳುವುದು. ಬೀಗ ತೆಗೆಯಬಲ್ಲ ಫೋನಿನಿಂದ ಸಾಮಾನ್ಯನಿಗೇನು ಪ್ರಯೋಜನವೆಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದು: ಇದ್ದ ಯಂತ್ರದಲ್ಲಿಯೇ ತನ್ನ ತಾಯ್ನುಡಿಯನ್ನು ಓದುವ ದಾರಿ ಅದರಿಂದ ತೆರೆಯಿತು.

ಬೀಗ ತೆಗೆದುದಕ್ಕೆ ಇಂದು ತೆರಬೇಕಾದ ಬೆಲೆ ಅಂದಿಗಿಂತ ಹೆಚ್ಚಾಗಿದೆ. ಬ್ಯಾಂಕಿನ ಆಪ್ ತೆರೆದಾಗ ಅದು ಫೋನಿನ ಸುರಕ್ಷಿತ ಚಿಪ್ಪನ್ನು ‘ಬೀಗ ಹಾಕಿದೆಯೆ?’ ಎಂದು ಕೇಳಬಲ್ಲುದು. ಇಲ್ಲವೆಂಬ ಉತ್ತರ ಬಂದರೆ ನಡೆಯಲೊಲ್ಲದು. ಯುಪಿಐ ಇಲ್ಲದೆ ಸಂತೆಯ ಸೊಪ್ಪೂ ದುರ್ಲಭವಾಗಿರುವ ಈ ಕಾಲದಲ್ಲಿ ಇದು ಸಣ್ಣ ತೊಡಕಲ್ಲ. ನನ್ನ ಆಕ್ಷೇಪ ಪರೀಕ್ಷೆಯ ಬಗೆಗಲ್ಲ, ಅದರ ಪ್ರಶ್ನೆಯ ಬಗೆಗೆ. ವರ್ಷಗಳಿಂದ ಒಂದು ತಿದ್ದುಪಡಿಯನ್ನೂ ಕಾಣದ, ಆದರೆ ಬೀಗ ಭದ್ರವಾಗಿರುವ ಹಳೆಯ ಫೋನು ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ತೇರ್ಗಡೆಯಾಗುತ್ತದೆ. ಈ ತಿಂಗಳ ತಿದ್ದುಪಡಿಗಳನ್ನು ಪಡೆದ ಲೀನಿಯೇಜ್‌ಓಎಸ್ ಫೋನು ನಪಾಸಾಗುತ್ತದೆ. ಇತ್ತ ಬೀಗ ತೆಗೆಯುವ ಅವಕಾಶವೂ ಕುಗ್ಗುತ್ತಿದೆ: ಹುವಾವೇ ಸಂಸ್ಥೆ ಅನ್‌ಲಾಕ್ ಸಂಕೇತಗಳನ್ನು ಕೊಡುವುದನ್ನು 2018ರಲ್ಲಿಯೇ ನಿಲ್ಲಿಸಿತು.

ಕ್ಷೇಮವೋ ಸ್ವಾತಂತ್ರ್ಯವೋ ಎಂಬ ಈ ವಾದಕ್ಕೆ ತಾಂತ್ರಿಕ ಪರಿಹಾರ ಈಗಾಗಲೇ ಉಂಟು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಗೂಗಲಿನ ಪಿಕ್ಸೆಲ್ ಫೋನುಗಳಲ್ಲಿ ಬೀಗ ತೆಗೆದು, ಬೇರೆ ವ್ಯವಸ್ಥೆಯನ್ನು ಹಾಕಿ, ಆ ವ್ಯವಸ್ಥೆಯ ಕೀಲಿಯನ್ನೇ ಫೋನಿಗೆ ಪರಿಚಯಿಸಿ, ಮತ್ತೆ ಬೀಗ ಹಾಕಬಹುದು. ಗ್ರಫೀನ್‌ಓಎಸ್ ಎಂಬ ವ್ಯವಸ್ಥೆ ನಡೆಯುವುದು ಹೀಗೆಯೇ. ಆಗ ಮೊದಲಿನ ಪರೀಕ್ಷಾಸರಣಿಯೆಲ್ಲ ಯಥಾವತ್ತಾಗಿ ನಡೆಯುತ್ತದೆ, ಕಳ್ಳನಿಗೆ ಬಾಗಿಲು ಮುಚ್ಚಿರುತ್ತದೆ. ಯಾರ ಮುದ್ರೆಯನ್ನು ನಂಬಬೇಕೆಂದು ನಿರ್ಧರಿಸುವವನು ಮಾತ್ರ ಒಡೆಯ. ಆದರೆ ಮೊಬೈಲ್ ಜಾಲದೊಡನೆ ಸಂಪರ್ಕ ನಡೆಸುವ ಮೋಡೆಮಿನ ಒಳಗಿನ ತಂತ್ರಾಂಶ ಆಗಲೂ ಚಿಪ್ ತಯಾರಕರದೇ ಆಗಿ ಉಳಿಯುತ್ತದೆ. ಅವರು ಕೈಬಿಟ್ಟ ಮೇಲೆ ಅಲ್ಲಿನ ದೋಷವನ್ನು ಸ್ವಯಂಸೇವಕರು ತಿದ್ದಲಾರರು. ಈ ಮಿತಿಯನ್ನು ಮರೆಮಾಚುವುದು ಸರಿಯಲ್ಲ.

ತಯಾರಕರ ವಾಗ್ದಾನಗಳೂ ಕಾನೂನುಗಳೂ ಸಮಸ್ಯೆಯ ಅರ್ಧವನ್ನು ಮಾತ್ರ ಮುಟ್ಟಿವೆ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಫೋನುಗಳಿಗೆ ಅವುಗಳ ತಯಾರಕರು ತಾವಾಗಿಯೇ 7 ವರ್ಷಗಳ ಅಪ್‌ಡೇಟ್ ವಾಗ್ದಾನ ಮಾಡಿದ್ದಾರೆ. ಯೂರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮವು, ಒಂದು ಮಾದರಿಯನ್ನು ಮಾರುಕಟ್ಟೆಗೆ ಬಿಡುವುದು ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ದೊರೆಯುವಂತಿರಬೇಕೆನ್ನುತ್ತದೆ. ಆ ಅವಧಿ ತೀರಿದ ಮರುದಿನ ಬೀಗದ ಗತಿಯೇನೆಂಬುದನ್ನು ಆ ನಿಯಮ ಹೇಳುವುದಿಲ್ಲ. ಕಂಪನಿ ಪೋಷಣೆಯನ್ನು ನಿಲ್ಲಿಸುವಾಗ, ಒಡೆಯನ ಕೀಲಿಯನ್ನು ಒಪ್ಪಿಕೊಳ್ಳುವ ಸಾಮರ್ಥ್ಯವನ್ನು ಫೋನಿಗೆ ಕೊಡುವ ಕಡೆಯ ಅಪ್‌ಡೇಟೊಂದನ್ನು ಕಳುಹಿಸಿಯೇ ನಿಲ್ಲಿಸತಕ್ಕದ್ದೆಂಬ ವಾಕ್ಯವೊಂದನ್ನು ಅಲ್ಲಿ ಸೇರಿಸಬೇಕು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿಯನ್ನು ರಚಿಸಿದಾಗ ಕೃಷಿ ಯಂತ್ರ, ಗೃಹೋಪಕರಣ, ವಾಹನಗಳ ಜೊತೆಗೆ ಮೊಬೈಲ್ ಫೋನನ್ನೂ ಹೆಸರಿಸಿತ್ತು. ಬ್ಯಾಟರಿ ಪರದೆಗಳ ಬದಲಾವಣೆಯೊಡನೆ ಈ ಕಡೆಯ ಅಪ್‌ಡೇಟನ್ನೂ ರಿಪೇರಿಯ ಭಾಗವೆಂದು ಎಣಿಸುವ ಕೆಲಸ ನಮ್ಮಲ್ಲಿ ಅಲ್ಲಿಂದ ಮೊದಲಾಗಬಹುದು.