ತಟ್ಟೆ ತುಂಬಿತು, ತೃಪ್ತಿಯಾಗಲಿಲ್ಲ

ಅಷ್ಟಾವರಣಗಳಲ್ಲಿ ಪ್ರಸಾದಕ್ಕೂ ಸ್ಥಾನವಿತ್ತ ಶರಣರು ಉಣ್ಣುವ ಕ್ರಿಯೆಯನ್ನೇ ಸಾಧನೆಯ ಮಟ್ಟಕ್ಕೆ ಏರಿಸಿದರು. ಕಾಯಕದಿಂದ ಬಂದ ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿ, ಪ್ರಸಾದವೆಂದು ಸ್ವೀಕರಿಸಿ, ಸ್ವೀಕರಿಸಿದ್ದನ್ನು ಚೆಲ್ಲದಿರುವುದು ನಮ್ಮ ಮನೆಗಳ ನಡೆ. ಹೊಸಿಲು ದಾಟಿದೊಡನೆ ಈ ನಡೆ ಏನಾಗುತ್ತಿದೆ ಎಂಬುದನ್ನು ಸಮಾಜಬಾಂಧವರು ವಿಚಾರಿಸಬೇಕಾಗಿದೆ.

ಈಚೆಗೆ ಮೊಮ್ಮಗಳ ಹುಟ್ಟುಹಬ್ಬದ ನಿಮಿತ್ತ ನಾವು ಮನೆಮಂದಿ ಏಳು ಜನ ಹುಬ್ಬಳ್ಳಿಯ ಒಂದು ಪಿಜ್ಜಾ ಮತ್ತು ಬಫೆ ಹೋಟೆಲಿಗೆ ಹೋಗಿದ್ದೆವು. ತಲೆಗೆ ಇಂತಿಷ್ಟೆಂದು ಹಣ ತೆತ್ತು, ಬೇಕಾದುದನ್ನು ಬೇಕಾದಷ್ಟು ಉಣ್ಣಬಹುದೆಂಬುದು ಅಲ್ಲಿಯ ಕರಾರು. ಪಿಜ್ಜಾ ಆರಿ ತೊಗಲಿನಂತಾಗಿತ್ತು. ಅನ್ನದ ಪಾತ್ರೆ ತಳ ಕಂಡಿತ್ತು. ಬಿಸಿಯದನ್ನು ತರುವೆನೆಂದು ಹೋದ ಹುಡುಗ ಅರ್ಧ ಗಂಟೆಯಾದರೂ ಮರಳಲಿಲ್ಲ. ಇಷ್ಟನ್ನು ಸಹಿಸಬಹುದು. ಆದರೆ ಮಾಂಸದ ಪಿಜ್ಜಾ ಎತ್ತಿದ ಇಕ್ಕಳದಿಂದಲೇ ಸಸ್ಯಾಹಾರದ ಪಿಜ್ಜಾವನ್ನೂ ಎತ್ತುತ್ತಿದ್ದುದು ಸೊಸೆಯ ಕಣ್ಣಿಗೆ ಬಿತ್ತು. ಕೇಳಿದರೆ ಮೇಲ್ವಿಚಾರಕರು, “ಏನೂ ಆಗಂಗಿಲ್ರೀ, ಎಲ್ಲಾ ಒಂದ ಓವನ್‌ನ್ಯಾಗ ಬೇಯತಾವ್ರೀ” ಎಂದರು. “ಅಜ್ಜಾ, ನನಗ ಬ್ಯಾಡ” ಎಂದು ಮಗು ತಟ್ಟೆ ಸರಿಸಿತು. ಕಡೆಗೆ ಬಿಲ್ಲಿನಲ್ಲಿ ಸೇವಾಶುಲ್ಕವೂ ಸೇರಿತ್ತು.

ಪಿಜ್ಜಾ ಎಂಬ ತಿನಿಸನ್ನು ನಾವು ದೂರುವುದಿಲ್ಲ. ಅದು ಇಟಲಿಯ ನೇಪಲ್ಸ್ ನಗರದ ಬಡಜನರ ರೊಟ್ಟಿ. ಅದನ್ನು ತಯಾರಿಸುವ ಕಲೆಯನ್ನು ಯುನೆಸ್ಕೋ 2017ರಲ್ಲಿ ಮಾನ್ಯ ಮಾಡಿದೆ. ಸಸ್ಯಾಹಾರಿಗಳು ಅರಿಯಬೇಕಾದುದು ಬೇರೆ. ಚೀಸಿಗಾಗಿ ಹಾಲನ್ನು ಒಡೆಸಲು ಎಳೆಗರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಕಿಣ್ವವನ್ನು ಬಳಸುವುದುಂಟು. ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವದ ಚೀಸೂ ನಮ್ಮಲ್ಲಿ ದೊರೆಯುತ್ತದೆ. ಪೊಟ್ಟಣದ ಮೇಲಾದರೆ ಹಸಿರು ಚುಕ್ಕೆಯ ಗುರುತಿರುತ್ತದೆ. ಬಡಿಸಿದ ತಟ್ಟೆಯಲ್ಲಿ ಗುರುತೆಲ್ಲಿಯದು? ಕೇಳಿಯೇ ತಿಳಿಯಬೇಕು. ಕೇಳುವುದಕ್ಕೆ ಸಂಕೋಚ ಸಲ್ಲದು. ಸೇವಾಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಸೂಚಿಸಿತು. ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿಯಿತು. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಆದರೆ ನಮ್ಮನ್ನು ಹೆಚ್ಚು ನೋಯಿಸಿದ್ದು ಅಕ್ಕಪಕ್ಕದ ಮೇಜುಗಳು. ಕೊಟ್ಟ ದುಡ್ಡು ಹುಟ್ಟಬೇಕೆಂದು ರಾಶಿ ಹಾಕಿಕೊಂಡವರು ಅರ್ಧ ಕಚ್ಚಿ ಬಿಟ್ಟಿದ್ದರು. ಎಳೆಯ ಹುಡುಗನೊಬ್ಬ ಅದನ್ನೆಲ್ಲ ಬಕೆಟ್ಟಿಗೆ ಸುರಿಯುತ್ತಿದ್ದನು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್ನು; ಅದರಲ್ಲಿ ಶೇಕಡಾ 60 ಮನೆಗಳದ್ದೇ.

ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ನಿತ್ಯ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಬೆಳೆಸಿದ ದಾಸೋಹವದು. ಅಲ್ಲಿ ಯಾರೂ ತಲೆಗಿಷ್ಟೆಂದು ಹಣ ತೆರುವುದಿಲ್ಲ. ಮುದ್ದೆ ಸಾರುಗಳಿಗೆ ಅಲಂಕಾರವಿಲ್ಲ. ಬಡಿಸುವವನು ಉಣ್ಣುವವನ ಹಸಿವನ್ನು ನೋಡುತ್ತಾನೆ, ಉಣ್ಣುವವನು ಬಡಿಸುವವನ ಶ್ರಮವನ್ನು ಬಲ್ಲನು. ಬಫೆಯಲ್ಲಿ ಈ ಎರಡು ಕಣ್ಣುಗಳೂ ಮುಚ್ಚಿಹೋಗುತ್ತವೆ.

ಹೋಟೆಲಿನ ಮಾಲೀಕರಿಗಷ್ಟೇ ಈ ಮಾತು ಸಲ್ಲುವುದೆಂದು ಭಾವಿಸಬೇಡಿರಿ. ನಮ್ಮ ಕಲ್ಯಾಣಮಂಟಪಗಳಿಗೂ ಬಫೆ ಬಂದಿದೆ. ಲಗ್ನದ ದಿನ ಅಲ್ಲಿಯ ತೊಟ್ಟಿಗಳನ್ನು ಒಮ್ಮೆ ನೋಡಿ ಬನ್ನಿರಿ. ಮೊದಲು ಸ್ವಲ್ಪವೇ ಹಾಕಿಸಿಕೊಂಡು, ಬೇಕೆನಿಸಿದರೆ ಮತ್ತೆ ಕೇಳುವುದನ್ನು ತಾಯಂದಿರು ಮಕ್ಕಳಿಗೆ ಮನೆಯಲ್ಲಿಯೇ ಕಲಿಸಲಿ. ಮುಂದಿನ ಲಗ್ನಗಳಲ್ಲಿ ಹಿರಿಯರು ಖಾದ್ಯಗಳ ಸಂಖ್ಯೆಯನ್ನು ಇಳಿಸಿ, ಪಂಕ್ತಿಯಲ್ಲಿ ಕೂಡಿಸಿ ಬಡಿಸಲಿ. ಉಳಿದ ಅಡುಗೆ ಕೆಡುವ ಮುನ್ನ ಊರಿನ ವಿದ್ಯಾರ್ಥಿ ನಿಲಯಕ್ಕೆ ತಲುಪುವ ಏರ್ಪಾಡನ್ನು ಲಗ್ನದ ಯಾದಿಯಲ್ಲಿಯೇ ಬರೆದಿಡಲಿ.