ಬಾಯ್ಲರಿನೊಳಗಿನ ಬಿಳಿ ಪದರ

ಮೂಡಲಗಿಯ ಸುತ್ತಮುತ್ತ ಕಬ್ಬಿನ ಹಂಗಾಮು ಸಮೀಪಿಸಿ, ಸಕ್ಕರೆ ಕಾರ್ಖಾನೆಗಳ ‘ಬಾಯ್ಲರ್ ಪ್ರದೀಪನ’ ಸಮಾರಂಭದ ಸುದ್ದಿ ಓದಿದಾಗಲೆಲ್ಲ ನನಗೆ ಅಪ್ಪನ ಬಲಗೈ ನೆನಪಾಗುತ್ತದೆ. ಮೊಣಕೈವರೆಗೆ ಸುಟ್ಟು ಸುಕ್ಕುಗಟ್ಟಿದ ಕೈ. ಹುಕ್ಕೇರಿಯವರಾದ ಅವರು ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಒಳಗೆ ಉಪ್ಪಿನ ಪದರ ಕಟ್ಟಿದೆ, ಎರಡು ದಿನ ನಿಲ್ಲಿಸಿ ತೆಗೆಯಬೇಕು ಎಂದು ಮೊದಲೇ ಹೇಳಿದ್ದರಂತೆ. ಗೇಟಿನಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟಿದ್ದವು; ಯಾರೂ ನಿಲ್ಲಿಸಲಿಲ್ಲ. ಕೊಳವೆಯೊಂದು ಒಡೆಯಿತು.

ಈಚೆಗೆ ಆರಂಭಕಾಲದ ಅಂಚೆ ಹಡಗುಗಳ ಚರಿತ್ರೆ ಓದುವಾಗ ಅದೇ ಪದರ ಮತ್ತೆ ಎದುರಾಯಿತು. ಮುಂಬೈಯಲ್ಲಿ 1829ರಲ್ಲಿ ನೀರಿಗಿಳಿದ 411 ಟನ್ನಿನ ಹಬೆ ಹಡಗು ‘ಹ್ಯೂ ಲಿಂಡ್ಸೆ’ 1830ರ ಮಾರ್ಚ್ 20ರಂದು ಅಂಚೆ ಹೊತ್ತು ಸೂಯೆಜ್‌ನತ್ತ ಹೊರಟಿತು. ತಲಾ 80 ಅಶ್ವಶಕ್ತಿಯ ಎರಡು ಎಂಜಿನ್‌ಗಳು. ಹಡಗಿನ ವಿನ್ಯಾಸ ಐದೂವರೆ ದಿನದ ಕಲ್ಲಿದ್ದಲಿಗೆ. ಏಡನ್ ತಲುಪಲು ಹಿಡಿದದ್ದು 11 ದಿನ. ಸಿಕ್ಕ ಜಾಗದಲ್ಲೆಲ್ಲ ಕಲ್ಲಿದ್ದಲು ತುಂಬಿದ್ದರೂ ಏಡನ್‌ನಲ್ಲಿ ಉಳಿದಿದ್ದುದು ಆರು ಗಂಟೆಗಾಗುವಷ್ಟು ಮಾತ್ರ.

ಆಗಿನ ಹಡಗುಗಳ ಬಾಯ್ಲರಿಗೆ ಕಡಲ ನೀರೇ ಗತಿ. ನೀರು ಹಬೆಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಕೊಳವೆಬಾವಿಯ ನೀರು ಕಾಯಿಸುವ ಬಚ್ಚಲ ಹಂಡೆಯಲ್ಲಿ ಬಿಳಿ ಪದರ ಕಟ್ಟುವಂತೆ. ಪದರ ದಪ್ಪವಾದಷ್ಟೂ ಬೆಂಕಿಯ ಕಾವು ನೀರಿಗೆ ತಲುಪದು. ಕಲ್ಲಿದ್ದಲು ಹೆಚ್ಚು ಬೇಕಾಗುತ್ತದೆ, ಕಬ್ಬಿಣದ ತಗಡು ಅತಿಯಾಗಿ ಕಾದು ದುರ್ಬಲವಾಗುತ್ತದೆ. ಆದ್ದರಿಂದ ಆಗಾಗ ಉಪ್ಪುಗಟ್ಟಿದ ಬಿಸಿನೀರನ್ನು ಹೊರಬಿಟ್ಟು ಹೊಸ ನೀರು ತುಂಬಬೇಕಿತ್ತು. ಬಂದರಿನಲ್ಲಿ ಬೆಂಕಿ ಆರಿಸಿ ಪದರವನ್ನು ಕೆರೆಯಬೇಕಿತ್ತು. ಬಳಸಿದ ಹಬೆಯನ್ನು ಕಡಲ ನೀರಿನೊಡನೆ ಬೆರೆಸದೆಯೇ ತಣಿಸಿ ಬಾಯ್ಲರಿಗೆ ಮರಳಿಸುವ ಸಾಧನಕ್ಕೆ ಸ್ಯಾಮ್ಯುಯೆಲ್ ಹಾಲ್ 1834ರಲ್ಲಿ ಪೇಟೆಂಟ್ ಪಡೆದರು. ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು 1860ರ ದಶಕದಲ್ಲಿ.

ಕಲ್ಲಿದ್ದಲು ದಾಸ್ತಾನಿಗೆ ನೆಲೆ ಬೇಕೆಂಬುದು 1839ರಲ್ಲಿ ಬ್ರಿಟಿಷರು ಏಡನ್ ಹಿಡಿದುದಕ್ಕೆ ಒಂದು ಕಾರಣ. ಆ ಬಂದರು ಮತ್ತು ನಮ್ಮ ಗೋಕಾಕ ಬಹುಕಾಲ ಒಂದೇ ಮುಂಬೈ ಆಡಳಿತಕ್ಕೆ ಸೇರಿದ್ದವು. ಗೋಕಾಕದಲ್ಲಿ 1885ರಲ್ಲಿ ಸ್ಥಾಪನೆಯಾದ ಕಂಪೆನಿಯ ನೂಲಿನ ಗಿರಣಿಯು 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ನೀರಿನಿಂದ ಟರ್ಬೈನ್ ತಿರುಗಿಸಿತು. ಇಂದಿನ ಸಕ್ಕರೆ ಕಾರ್ಖಾನೆಗೆ ರಸ ಹಿಂಡಿದ ಕಬ್ಬಿನ ಸಿಪ್ಪೆಯೇ ಉರುವಲು. ದೂರದ ಇಂಧನದ ಹಂಗು ತಪ್ಪಿಸುವ ದಾರಿಗಳು ನಮ್ಮಲ್ಲೇ ಇದ್ದವು. ಆದರೆ ಬಾಯ್ಲರಿನ ನೀರು ಬೇಡುವ ಎಚ್ಚರಕ್ಕೆ ಪರ್ಯಾಯವಿಲ್ಲ.

ಕಲ್ಕತ್ತೆಯಲ್ಲಿ 1863ರಲ್ಲಿ ಬಾಯ್ಲರ್ ಸಿಡಿದು ಜೀವಹಾನಿಯಾದ ಬಳಿಕ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. 1923ರ ಭಾರತೀಯ ಬಾಯ್ಲರ್ ಕಾಯ್ದೆಯ ಸ್ಥಾನದಲ್ಲಿ ಈಗ 2025ರ ಹೊಸ ಕಾಯ್ದೆ ಇದೆ. ಕಾನೂನು ಬೇಕು, ನಿಜ. ಆದರೆ ತಪಾಸಣೆ ನಡೆಯುವುದು ನಿಗದಿತ ಅವಧಿಗೊಮ್ಮೆ. ಪದರ ಕಟ್ಟುವುದು ದಿನವೂ. ಅದರ ಸುಳಿವು ಮೊದಲು ಹತ್ತುವುದು ಬಾಯ್ಲರಿನ ಮುಂದೆ ನಿಂತವನಿಗೆ.

ಕಬ್ಬು ಕಾದರೆ ತೂಕ ಕಳೆದುಕೊಳ್ಳುತ್ತದೆ, ರೈತನಿಗೆ ನಷ್ಟ. ಇದನ್ನು ಅಲ್ಲಗಳೆಯಲಾಗದು. ಆದರೂ ಬೆಂಕಿ ಆರಿಸಿರೆಂದು ಹೇಳುವ ಹಕ್ಕನ್ನು ಪ್ರತಿ ಕಾರ್ಖಾನೆಯೂ ಆ ನೌಕರನಿಗೆ ಬರಹದಲ್ಲಿ ಕೊಡಬೇಕು. ಪ್ರದೀಪನದ ದಿನ ಬಾಯ್ಲರಿಗೆ ಹೂಮಾಲೆ ಹಾಕುತ್ತಾರೆ. ಆ ಹಕ್ಕಿನ ಪತ್ರವನ್ನೂ ಅಂದೇ ಅವನ ಕೈಗಿಡಲಿ. ಅಪ್ಪನ ಬಳಿ ಅಂಥದೊಂದು ಕಾಗದವಿರಲಿಲ್ಲ.