ಒಂದೇ ಪರದೆ, ಇಬ್ಬರು ಎದುರಾಳಿಗಳು

ಕಳೆದ ವರ್ಷ ಫಾಲ್ಗುಣ ಮಾಸದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ರಥೋತ್ಸವಕ್ಕೆಂದು ಹೋದವನು, ಸಮೀಪದ ಕುದಾಪುರದಲ್ಲಿರುವ ಮಗಳ ಮನೆಯಲ್ಲಿ ನಾಲ್ಕು ದಿನ ಉಳಿದೆ. ಭಾರತೀಯ ವಿಜ್ಞಾನ ಸಂಸ್ಥೆಯು ಸುಮಾರು ೧೫೦೦ ಎಕರೆ ಬಯಲಿನಲ್ಲಿ ತನ್ನ ಎರಡನೆಯ ಆವರಣವನ್ನು ಸ್ಥಾಪಿಸಿ, ವಿಜ್ಞಾನ ಶಿಕ್ಷಕರಿಗೆ ತರಬೇತಿ ನೀಡುತ್ತಿರುವ ಊರೆಂದು ಕುದಾಪುರವನ್ನು ಇಂದು ನಾಡೇ ಬಲ್ಲುದು. ಆದರೆ ಅಲ್ಲಿ ನನಗೆ ದೊರೆತ ಪಾಠ ಆ ಆವರಣದ್ದಲ್ಲ. ಮಗಳ ಮನೆಯ ಪಡಸಾಲೆಯಲ್ಲಿ ಇಬ್ಬರು ಮೊಮ್ಮಕ್ಕಳು ಹೂಡಿದ ಜಗಳದ್ದು.

ಒಬ್ಬನು ಆ ಮನೆಯ ಹುಡುಗ. ಇನ್ನೊಬ್ಬನು ನನ್ನೊಡನೆ ಬೆಂಗಳೂರಿನಿಂದ ಬಂದಿದ್ದ ಮಗನ ಮಗ, ಹದಿನಾಲ್ಕರ ಪ್ರಾಯ. ಈ ಎರಡನೆಯವನ ವಿಷಯದಲ್ಲಿ ಮನೆಮಂದಿಯೆಲ್ಲ ಚಿಂತೆಗೊಳಗಾಗಿದ್ದೆವು. ರಾತ್ರಿ ಎರಡು ಗಂಟೆಯಾದರೂ ಹೊದಿಕೆಯೊಳಗೆ ಮೊಬೈಲಿನ ಬೆಳಕು ಆರುತ್ತಿರಲಿಲ್ಲ. ತಾನು ಎಂದೂ ಕಾಣದ, ಹೆಸರೂ ತಿಳಿಯದ ಜನರೊಡನೆ ಗುಂಡು ಹಾರಿಸುವ ಆಟ. ಓದು ಹಿಂದೆ ಬಿತ್ತು, ಮಾತು ಕಡಮೆಯಾಯಿತು. ತಂದೆಯು ಎರಡು ಬಾರಿ ಮೊಬೈಲನ್ನು ಕಸಿದುಕೊಂಡಾಗ ಎರಡು ಬಾರಿಯೂ ಅವನು ಊಟ ಬಿಟ್ಟು ಮಲಗಿದ. ‘ಊರಿನ ಗಾಳಿಗೆ ಸ್ವಲ್ಪ ಸರಿಹೋದಾನು, ಕರೆದುಕೊಂಡು ಹೋಗಿ’ ಎಂದು ಸೊಸೆ ನನ್ನೊಡನೆ ಕಳುಹಿಸಿದ್ದಳು.

ಮಗಳ ಮನೆಯಲ್ಲಿ ಟಿ.ವಿ.ಗೆ ಜೋಡಿಸಿ ಆಡುವ ಹಳೆಯದೊಂದು ಪೆಟ್ಟಿಗೆಯಿತ್ತು; ಅದಕ್ಕೆ ಎರಡು ಜಾಯ್‌ಸ್ಟಿಕ್. ಅದರಲ್ಲಿಯೂ ಗುಂಡಿನ ಆಟವೇ. ಆದರೆ ಪರದೆಯು ನಡುವೆ ಸೀಳಿ ಎರಡು ಭಾಗವಾಗುತ್ತದೆ. ಎಡಭಾಗದಲ್ಲಿ ಒಬ್ಬನ ಕಣ್ಣಿಗೆ ಕಾಣುವ ನೋಟ, ಬಲಭಾಗದಲ್ಲಿ ಇನ್ನೊಬ್ಬನದು. ಒಬ್ಬರನ್ನೊಬ್ಬರು ಹುಡುಕಿ ಹೊಡೆಯಬೇಕು. ಮೊದಲು ಹತ್ತು ಬಾರಿ ಹೊಡೆದವನಿಗೆ ಜಯ.

ಎರಡನೆಯ ದಿನ ಮಧ್ಯಾಹ್ನ ಕೂಗು ಕೇಳಿಸಿತು: ‘ತಾತ, ಇವನು ನನ್ನ ಭಾಗ ನೋಡಿಕೊಂಡು ಆಡ್ತಾನೆ!’ ನ್ಯಾಯ ಹೇಳಲು ನನ್ನನ್ನು ಕರೆದರು. ಪೆಟ್ಟಿಗೆಯನ್ನೇ ಆರಿಸಿಬಿಡಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೂ, ನೋಡಿದರೆ ತಪ್ಪೇನು ಎಂದು ಕೇಳಿದೆ. ಇಬ್ಬರಿಗೂ ಒಂದೇ ಪರದೆ. ನಾನು ಯಾವ ಗೋಡೆಯ ಮರೆಗೆ ಅಡಗಿದ್ದೇನೆಂಬುದು ನನ್ನ ಭಾಗದಲ್ಲಿ ಕಾಣುತ್ತದೆ. ಅವನು ಅತ್ತ ಕಣ್ಣು ಹಾಯಿಸಿದರೆ ನನಗೆ ಅಡಗುವ ದಾರಿಯೇ ಇಲ್ಲ ಎಂದು ಹುಡುಗ ವಿವರಿಸಿದ. ಅದನ್ನು ತಡೆಯುವ ಕಟ್ಟಳೆ ಯಂತ್ರದಲ್ಲಿ ಇದೆಯೇ ಎಂದೆ. ಇಲ್ಲವೆಂದರು. ಹಾಗಾದರೆ ಆ ನಿಯಮ ಇರುವುದು ಅವರಿಬ್ಬರ ನಡುವೆ ಮಾತ್ರ. ನಾನು ಸುಮ್ಮನೆ ಅವರ ಪಕ್ಕದಲ್ಲಿ ಕುಳಿತುಬಿಟ್ಟೆ.

ಕುಳಿತಲ್ಲಿ ನನಗೆ ಮಠದ ಪಾಠಶಾಲೆಯ ದಿನಗಳು ನೆನಪಾದವು. ಗೌತಮರ ನ್ಯಾಯಸೂತ್ರವು ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ: ತತ್ತ್ವವನ್ನು ತಿಳಿಯಲು ನಡೆಯುವುದು ವಾದ, ಗೆಲ್ಲಲೆಂದೇ ನಡೆಯುವುದು ಜಲ್ಪ, ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವನದನ್ನು ಬರಿದೆ ಕೆಡವುವುದು ವಿತಂಡ. ನಮ್ಮ ಗುರುಗಳು ಇಬ್ಬರನ್ನು ಎದುರುಬದುರು ಕೂರಿಸಿ, ಪ್ರತಿವಾದಿಯ ಮಾತನ್ನು ಮೊದಲು ಅವನು ಒಪ್ಪುವಂತೆ ಹೇಳಿಸಿ, ಅನಂತರವೇ ಖಂಡಿಸಲು ಬಿಡುತ್ತಿದ್ದರು. ಗಂಟೆ ಬಾರಿಸಿದೊಡನೆ ಗೆದ್ದವನೂ ಸೋತವನೂ ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕೂರುತ್ತಿದ್ದೆವು. ಸ್ಪರ್ಧೆಯನ್ನು ಹದದಲ್ಲಿಡುತ್ತಿದ್ದುದು ಶಾಸ್ತ್ರವೊಂದೇ ಅಲ್ಲ. ಎದುರಾಳಿಯ ಮುಖವು ಕಣ್ಣೆದುರಿಗೇ ಇರುತ್ತಿದ್ದುದು. ಹಂಪೆಯ ದೇಗುಲಗಳ ಹಾಸುಗಲ್ಲುಗಳ ಮೇಲೆ ಇಂದಿಗೂ ಕಾಣುವ ಆಟದ ಮನೆಗಳು, ನಮ್ಮ ಜಗಲಿಗಳ ಹುಲಿ-ಕುರಿ ಆಟ, ಅಳಗುಳಿಮಣೆ ಇವೆಲ್ಲವೂ ಹೀಗೆಯೇ ಇಬ್ಬರು ಮೊಳಕಾಲಿಗೆ ಮೊಳಕಾಲು ತಾಗುವಂತೆ ಕುಳಿತು ಆಡಿದವು.

ಅನಂತರ ಬಲ್ಲವರನ್ನು ಕೇಳಿ ಈ ಆಟಗಳ ಚರಿತ್ರೆಯನ್ನು ಅಷ್ಟಿಷ್ಟು ತಿಳಿದುಕೊಂಡೆ. ವೀಡಿಯೋ ಆಟಗಳಲ್ಲಿ ಅತ್ಯಂತ ಹಳೆಯವುಗಳಲ್ಲೊಂದಾದ ‘ಸ್ಪೇಸ್‌ವಾರ್’ ೧೯೬೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರ ಕೈಯಲ್ಲಿ ರೂಪುಗೊಂಡಿತು. ಎರಡು ನೌಕೆಗಳು, ನಡುವೆ ತನ್ನತ್ತ ಸೆಳೆಯುವ ಒಂದು ನಕ್ಷತ್ರ. ನೌಕೆಗಳು ಪರಸ್ಪರ ಗುಂಡು ಹಾರಿಸಬೇಕು. ಅಲ್ಲಿ ಯಂತ್ರವು ಎದುರಾಳಿಯಾಗಿ ಆಡುತ್ತಿರಲಿಲ್ಲ. ಇನ್ನೊಬ್ಬ ಮನುಷ್ಯ ಬಾರದೆ ಆಟವೇ ಇಲ್ಲ. ೧೯೭೫ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ರಚಿಸಿದ ಬಂದೂಕುಗಾರರ ದ್ವಂದ್ವಯುದ್ಧದ ಆಟವೂ, ೧೯೭೭ರಲ್ಲಿ ಅಟಾರಿ ಪೆಟ್ಟಿಗೆಯೊಡನೆ ಮನೆಮನೆಗೆ ಬಂದ ‘ಕಾಂಬ್ಯಾಟ್’ ಎಂಬ ಟ್ಯಾಂಕುಗಳ ಕಾಳಗವೂ ಅಂತಹವೇ.

೧೯೯೭ರಲ್ಲಿ ಬಂದ ‘ಗೋಲ್ಡನ್‌ಐ ೦೦೭’ ಎಂಬ ಆಟವು ಪರದೆಯನ್ನು ಹೋಳುಮಾಡಿ ಇಬ್ಬರಿಂದ ನಾಲ್ವರವರೆಗೆ ಒಟ್ಟಿಗೆ ಕೂರಿಸಿತು. ಅದರಲ್ಲಿ ಕುಳ್ಳನೆಯ ಪಾತ್ರವೊಂದಿತ್ತು. ಅವನಿಗೆ ಗುರಿಯಿಡುವುದು ಕಷ್ಟ. ಆದುದರಿಂದ ಆ ಪಾತ್ರವನ್ನು ಯಾರೂ ಆರಿಸಿಕೊಳ್ಳಕೂಡದೆಂದು ಎಷ್ಟೋ ಮನೆಗಳಲ್ಲಿ ಮಕ್ಕಳೇ ಕಟ್ಟು ಮಾಡಿಕೊಂಡರಂತೆ. ಎದುರಾಳಿಯ ಭಾಗವನ್ನು ನೋಡುವ ಜಗಳ ಅಲ್ಲಿಯೂ ಇತ್ತೆಂದು ತಿಳಿದಾಗ ನನಗೆ ನಗು ಬಂದಿತು. ಬರಬರುತ್ತ ಈ ಪದ್ಧತಿ ಕ್ಷೀಣಿಸಿತು. ಪರದೆ ಹೋಳಾದರೆ ಯಂತ್ರವು ಪ್ರತಿಯೊಂದು ಕ್ಷಣದ ಚಿತ್ರವನ್ನೂ ಎರಡೆರಡು ಬಾರಿ ಬರೆಯಬೇಕು. ಚಿತ್ರಗಳು ಸೂಕ್ಷ್ಮವಾದಷ್ಟೂ ಆ ಹೊರೆ ಹೆಚ್ಚು. ಅಂತರ್ಜಾಲವಂತೂ ದೂರದ ಎದುರಾಳಿಯನ್ನು ಸುಲಭವಾಗಿ ಒದಗಿಸಿತು. ಪರದೆ ಹಂಚಿಕೊಂಡು ಆಡುವುದಕ್ಕೆ ಹೆಸರಾಗಿದ್ದ ‘ಹೇಲೋ’ ಮಾಲಿಕೆಯ ಐದನೆಯ ಆಟವೇ ೨೦೧೫ರಲ್ಲಿ ಆ ಸೌಲಭ್ಯವಿಲ್ಲದೆ ಬಂದಿತು.

ಇದರಿಂದ ಕಳೆದುಹೋದದ್ದೇನು? ಪಕ್ಕದಲ್ಲಿ ಕುಳಿತ ಎದುರಾಳಿಗೆ ಹಸಿವಾಗುತ್ತದೆ, ಆಕಳಿಕೆ ಬರುತ್ತದೆ, ಅವನ ತಾಯಿ ಒಳಗಿನಿಂದ ಕರೆಯುತ್ತಾಳೆ. ಆಟ ತಾನಾಗಿ ನಿಲ್ಲುತ್ತದೆ. ಜಾಲದ ಆಟಕ್ಕೆ ನಿದ್ರೆಯಿಲ್ಲ. ನಡುರಾತ್ರಿಯಲ್ಲಿಯೂ ಲೋಕದ ಎಲ್ಲಿಯೋ ಒಬ್ಬ ಎಚ್ಚರವಾಗಿರುತ್ತಾನೆ. ಒಬ್ಬನು ಹೋದರೆ ಮರುಕ್ಷಣವೇ ಮತ್ತೊಬ್ಬ. ಅವನಿಗೆ ಅನ್ಯಾಯ ಮಾಡಿದರೂ ನಾಳೆ ಅವನ ಮುಖ ನೋಡಬೇಕಾಗಿಲ್ಲ. ದೂರದ ಗೆಳೆಯರೊಡನೆ ಮಿತವಾಗಿ ಆಡುವ ಮಕ್ಕಳನ್ನು ನಾನು ದೂಷಿಸಲಾರೆ. ಆದರೆ ನಮ್ಮ ಹುಡುಗನನ್ನು ರಾತ್ರಿಯಿಡೀ ಹಿಡಿದಿಟ್ಟದ್ದು ಗುಂಡಿನ ಸದ್ದಿಗಿಂತ ಹೆಚ್ಚಾಗಿ ಈ ಕೊನೆಯಿಲ್ಲದಿರುವಿಕೆಯೇ ಎಂದು ನನಗೆ ತೋರಿತು.

ಇದು ಹಿರಿಯರ ಗೊಣಗಾಟ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಆಟದ ವ್ಯಸನಕ್ಕೂ ಸ್ಥಾನವಿದೆ. ಅದು ೨೦೨೨ರಿಂದ ಜಾರಿಗೆ ಬಂದಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಅದೇ ಮುಖ್ಯವಾಗುವುದು, ಕೆಡುಕಾಗುತ್ತಿದ್ದರೂ ಬಿಡಲಾರದಿರುವುದು ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಂಡುಬಂದರೆ ವೈದ್ಯರು ಅದನ್ನು ವ್ಯಸನವೆಂದು ಗಣಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹವರಿಗೆಂದೇ ೨೦೧೪ರಲ್ಲಿ ಚಿಕಿತ್ಸಾಲಯ ಆರಂಭವಾಯಿತು. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡುವಂತಹದೇನೂ ಇಲ್ಲ.

ತಾಯಂದಿರು ಒಂದು ಪ್ರಶ್ನೆ ಕೇಳಿಯಾರು: ಪಕ್ಕದಲ್ಲಿ ಕುಳಿತು ಹೊಡೆದರೆ ಹಿಂಸೆ ಹಿಂಸೆಯಲ್ಲವೆ? ನಿಜ. ಮನುಷ್ಯಾಕೃತಿಗೆ ಗುರಿಯಿಡುವ ಆಟ ದಯೆಯನ್ನು ಧರ್ಮದ ಮೂಲವೆಂದು ನಂಬಿದವನಿಗೆ ಇಂದಿಗೂ ಹಿಡಿಸದು. ಅದನ್ನು ಮಕ್ಕಳಿಗೂ ಹೇಳಿದೆ. ಅವರು ಕೊಂಚ ಯೋಚಿಸಿ ಮನುಷ್ಯರ ಬದಲು ಟ್ಯಾಂಕುಗಳ ಆಟ ಹಾಕಿದರು. ಅಷ್ಟು ನನ್ನ ಪಾಲಿನ ರಾಜಿ. ಆಟದ ಹೊದಿಕೆಯ ಮೇಲೆ ಅಚ್ಚಾಗಿರುವ ವಯಸ್ಸಿನ ಗುರುತನ್ನು ನೋಡದೆ ಮಕ್ಕಳಿಗೆ ಕೊಡಿಸಬಾರದೆಂಬುದೂ ಸರಿಯೇ.

ಇನ್ನು ಆ ಜಗಳದ ತೀರ್ಪು. ಪರದೆಯ ನಡುವೆ ಒಂದು ರಟ್ಟನ್ನು ಅಡ್ಡ ನಿಲ್ಲಿಸಿಕೊಳ್ಳಿರೆಂದು ಹೇಳಿದೆ. ಹಾಗೆಯೇ ಮಾಡಿದರು. ಮರುದಿನ ಬೆಳಿಗ್ಗೆ ಆ ರಟ್ಟು ಗಾಳಿಗೆ ಕೆಳಗೆ ಬಿದ್ದಿತ್ತು. ಇಬ್ಬರೂ ಆಡುತ್ತಲೇ ಇದ್ದರು. ಯಾರೂ ಅದನ್ನು ಎತ್ತಿ ನಿಲ್ಲಿಸಲಿಲ್ಲ, ಯಾರೂ ನನ್ನನ್ನು ಕೂಗಲೂ ಇಲ್ಲ. ಆ ನಾಲ್ಕು ದಿನವೂ ನಮ್ಮ ಹುಡುಗ ತನ್ನ ಭಾವನೊಡನೆ ಒಂದೇ ಸಾಲಿನಲ್ಲಿ ಕುಳಿತು ಹೊಟ್ಟೆ ತುಂಬ ಉಂಡ.

ಬೆಂಗಳೂರಿಗೆ ಮರಳಿದ ಮೇಲೆ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಮೊಬೈಲು ಇನ್ನೂ ಅವನ ಕೈಯಲ್ಲಿದೆ. ಆದರೆ ರಾತ್ರಿ ಹತ್ತಕ್ಕೆ ಅದು ಪಡಸಾಲೆಯ ಮೇಜಿನ ಮೇಲೆ ಮಲಗುತ್ತದೆ; ಗಂಟೆಯನ್ನು ಗೊತ್ತುಮಾಡಿದವನು ಅವನೇ. ಮಗನೂ ಎರಡು ಜಾಯ್‌ಸ್ಟಿಕ್ಕಿನ ಒಂದು ಹಳೆಯ ಪೆಟ್ಟಿಗೆಯನ್ನು ಕೊಂಡು ತಂದಿದ್ದಾನೆ. ಮೊಬೈಲನ್ನು ಕಸಿದುಕೊಳ್ಳುವ ತಂದೆಗಿಂತ ಎರಡನೆಯ ಜಾಯ್‌ಸ್ಟಿಕ್ಕನ್ನು ಹಿಡಿದು ಪಕ್ಕದಲ್ಲಿ ಕೂರುವ ತಂದೆಯ ಮಾತಿಗೆ ಬೆಲೆ ಹೆಚ್ಚೆಂಬುದನ್ನು ನಮ್ಮ ಮನೆಯಲ್ಲಿ ಕಂಡಿದ್ದೇನೆ. ಓದುಗ ಬಂಧುಗಳೂ ಪರೀಕ್ಷಿಸಿ ನೋಡಬಹುದು. ಭಾನುವಾರ ಸಂಜೆ ಇಬ್ಬರೂ ಆಡುತ್ತಾರೆ. ಮಗ ಪ್ರತಿಸಲವೂ ಸೋಲುತ್ತಾನೆ. ಎಲ್ಲಿ ತಪ್ಪಿದೆಯೆಂದು ತಂದೆಗೆ ತಿಳಿಸಿಕೊಡಲು ಹುಡುಗ ಅರ್ಧ ಗಂಟೆ ಮಾತನಾಡುತ್ತಾನೆ.